ಗೋವೆಯಲ್ಲಿ ನಿಲ್ಲುವ ಹಡಗು ನಮಗೇಕೆ?

ಈ ಬಾರಿಯ ವಾರ್ಷಿಕ ಪ್ರವಾಸಕ್ಕೆ ಹಡಗಿನಲ್ಲಿ ಗೋವೆಗೆ ಹೋಗೋಣವೆಂಬ ಸೂಚನೆ ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ಸಂಜೆ ಹೊರಟು, ರಾತ್ರಿಯೆಲ್ಲ ಹಾಡು, ಊಟ, ಹೌಸಿ, ಬೆಳಗಾಗುವಾಗ ಗೋವೆ. ಕೇಳಲು ಚೆಂದವೇ. ಆದರೆ ಅಂಧೇರಿಯ ಕನ್ನಡಿಗರು ಸಂಘದ ಹೆಸರಿನಲ್ಲಿ ಕೈಗೊಳ್ಳುವ ಯಾತ್ರೆ ಇದಾಗಬಾರದೆಂದು ನನ್ನ ಸ್ಪಷ್ಟ ಅಭಿಪ್ರಾಯ. ಸಮಿತಿಯ ಗೆಳೆಯರು ಮುನಿದರೂ ಚಿಂತೆಯಿಲ್ಲ, ಬರೆದೇ ಬಿಡುತ್ತೇನೆ.

ಮೊದಲು ಹಣದ ಮಾತು. ವಿಹಾರ ಹಡಗೆಂದರೆ ತಲೆಗೆ ಸಾವಿರಗಟ್ಟಲೆ ರೂಪಾಯಿ. ಗಂಡ ಹೆಂಡತಿ, ಎರಡು ಮಕ್ಕಳು, ಜೊತೆಗೊಬ್ಬ ಅಜ್ಜಿ ಇರುವ ಮನೆಗೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ. ಹೋಟೆಲಿನ ಗಲ್ಲೆಯಲ್ಲಿ ಕುಳಿತವರು, ಕ್ಯಾಂಟೀನು ನಡೆಸುವವರು, ನಿವೃತ್ತಿವೇತನದಲ್ಲಿ ದಿನ ದೂಡುವವರು ಸಂಘದಲ್ಲಿ ಬೇಕಷ್ಟು ಮಂದಿ ಇದ್ದಾರೆ. ಅವರು ಮನೆಯಲ್ಲೇ ಉಳಿಯುತ್ತಾರೆ. ಮುಂದಿನ ಸಂಚಿಕೆಯಲ್ಲಿ ಫೋಟೋ ನೋಡಿ ಸಂತೋಷಪಡಬೇಕೆಂದು ಅವರಿಗೆ ಹೇಳೋಣವೆ?

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಮ್ಮವರಿಗೆ ಹಡಗು ಒಂದು ಕಾಲದಲ್ಲಿ ಮೋಜಿನ ವಸ್ತುವಾಗಿರಲಿಲ್ಲ; ಅದು ದಾರಿಯಾಗಿತ್ತು. ರೈಲು ಇಲ್ಲದ ಆ ಕರಾವಳಿಯಿಂದ ಮುಂಬಯಿಗೆ ಬಂದ ಎಷ್ಟೋ ಹುಡುಗರು ಬಂದದ್ದು ಸ್ಟೀಮರಿನಲ್ಲಿ, ತಲೆಯಡಿಗೆ ಬಟ್ಟೆಯ ಗಂಟಿಟ್ಟುಕೊಂಡು, ಡೆಕ್ಕಿನ ಮೇಲೆ ಮಲಗಿ. ಸಣ್ಣ ಬಂದರುಗಳಲ್ಲಿ ಹಡಗು ದಡಕ್ಕೆ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಸಂಚಾರ ಬಂದ್. ಉತ್ತರ ಕನ್ನಡವಂತೂ 1862ರಿಂದ 1956ರ ತನಕ ಮುಂಬಯಿಯ ಆಡಳಿತದಲ್ಲೇ ಇದ್ದ ಜಿಲ್ಲೆ. ಕಾರವಾರದವರಿಗೆ ಮುಂಬಯಿ ಎಂದರೆ ಪರದೇಶವಾಗಿರಲಿಲ್ಲ, ರಾಜಧಾನಿಯಾಗಿತ್ತು.

ಆಮೇಲೆ ಏನಾಯಿತು? ದಾರಿ ಮೊಟಕಾಗುತ್ತ ಬಂತು. ಭಾವೂಚಾ ಧಕ್ಕೆಯಿಂದ ಹೊರಡುತ್ತಿದ್ದ 'ಕೊಂಕಣ ಸೇವಕ', 'ಕೊಂಕಣ ಶಕ್ತಿ' ಹಡಗುಗಳನ್ನು ಹಿರಿಯರು ಮರೆತಿಲ್ಲ. ರತ್ನಾಗಿರಿ, ಮಾಲವಣ, ವೆಂಗುರ್ಲೆಯ ಕಡೆಯವರಿಗೆ ಅವೇ ಆಧಾರ. ಅವು ಕೂಡ ಪಣಜಿಗೆ ನಿಂತವು; 1980ರ ದಶಕ ಮುಗಿಯುವ ಹೊತ್ತಿಗೆ ಅವೂ ಇಲ್ಲವಾದವು. 2018ರ ಅಕ್ಟೋಬರದಲ್ಲಿ 'ಆಂಗ್ರಿಯಾ' ಎಂಬ ಹೊಸ ಹಡಗು ಬಂದಾಗ ಎಲ್ಲರೂ ಹುರುಪುಗೊಂಡರು. ಅದೂ ಮುಂಬಯಿ-ಗೋವೆಯೇ, ಅದೂ ವಿಹಾರಕ್ಕೆಂದೇ. 2020ರ ಕೊರೋನಾದ ಹೊಡೆತಕ್ಕೆ ನಿಂತುಹೋಯಿತು.

ರೈಲಿನ ಕತೆಯೂ ಬೇರೆಯಲ್ಲ. ಪಶ್ಚಿಮ ಉಪನಗರಗಳಿಗೆ ಕೊಂಕಣದ ಗಾಡಿ ಬೇಕೆಂದು ವರ್ಷಗಟ್ಟಲೆ ಕೂಗಿದ ಮೇಲೆ, 2024ರ ಆಗಸ್ಟಿನಲ್ಲಿ ಬಾಂದ್ರಾದಿಂದ ವಸಾಯಿ ಮಾರ್ಗವಾಗಿ ವಾರಕ್ಕೆರಡು ದಿನದ ಗಾಡಿ ಕೊಟ್ಟರು. ಎಲ್ಲಿಯ ತನಕ? ಮಡಗಾಂವ್ ತನಕ! ಅಲ್ಲಿಂದ ಒಂದೆರಡು ತಾಸು ಮುಂದೆ ಓಡಿದ್ದರೆ ಕಾರವಾರ ಸಿಗುತ್ತಿತ್ತು. ನಾವು ಗಂಟುಮೂಟೆ, ಹಪ್ಪಳದ ಡಬ್ಬ, ಮುದುಕರನ್ನು ಕಟ್ಟಿಕೊಂಡು ಕುರ್ಲಾ ಟರ್ಮಿನಸ್ಸಿಗೋ ಪನ್ವೇಲಿಗೋ ಓಡುವುದು ತಪ್ಪಲಿಲ್ಲ. ಗೋವೆಯ ಗಡಿಯಲ್ಲಿ ಎಲ್ಲವೂ ನಿಲ್ಲುವುದು ವಿಧಿಯಲ್ಲ. ಅದರಾಚೆಗೆ ಬೇಕೆಂದು ಗಟ್ಟಿಯಾಗಿ ಕೇಳುವವರು ಇಲ್ಲದೆ ಹೀಗಾಗಿದೆ. ಈಗ ನಾವೇ ಹಣ ಕೊಟ್ಟು ಗೋವೆಯಲ್ಲಿ ಇಳಿದು ಬರುತ್ತೇವೆಂದರೆ, ಕೇಳುವ ಬಾಯಿ ಇನ್ನಷ್ಟು ಮುಚ್ಚಿದಂತೆ.

'ಮಂಗಳೂರಿಗೆ ಒಂದು ರಾತ್ರಿಯಲ್ಲಿ ಹಡಗು ಮುಟ್ಟುತ್ತದೆಯೇ?' ಎಂದು ಸಮಿತಿಯ ಸದಸ್ಯರೊಬ್ಬರು ನಗೆಯಾಡಿದರು. ಮುಟ್ಟುವುದಿಲ್ಲ, ಒಪ್ಪಿದೆ. ಸಮುದ್ರದಲ್ಲಿ ಸುಮಾರು 380 ನಾಟಿಕಲ್ ಮೈಲಿ. ಗಂಟೆಗೆ 15 ಮೈಲಿಯಂತೆ ಸಾಗಿದರೂ ಒಂದು ಹಗಲು ಒಂದು ರಾತ್ರಿ ಮೀರುತ್ತದೆ. ಆದರೆ ಗೋವೆಗೆ ಸುಮಾರು 225 ಮೈಲಿಯಾದರೆ ಕಾರವಾರಕ್ಕೆ 260ರ ಆಸುಪಾಸು. ಗೋವೆಗೆ 15 ಗಂಟೆ ಹಿಡಿಯುವ ಹಡಗಿಗೆ ಕಾರವಾರ ಇನ್ನೆರಡು-ಮೂರು ಗಂಟೆಯ ದಾರಿ. ಸಂಜೆ ನಾಲ್ಕಕ್ಕೆ ಹೊರಟರೆ ಮರುದಿನ ಹತ್ತು ಗಂಟೆಯೊಳಗೆ ಬೈತಖೋಲ ಬಂದರಿನಲ್ಲಿ ಇಳಿದು ಚಹ ಕುಡಿಯಬಹುದು. ಅಂಕೋಲೆ, ಕುಮಟೆ, ಹೊನ್ನಾವರದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ. ಮಂಗಳೂರಿನವರಿಗೆ ಇನ್ನೂ ಇನ್ನೂರೈವತ್ತು ಕಿಲೋಮೀಟರು ಉಳಿಯುತ್ತದೆ, ನಿಜ. ನಮ್ಮ ಸಂಘದಲ್ಲಿ ಅವರದೇ ಬಹುಮತ ಎಂಬುದೂ ನಿಜ. ಆದರೆ ಸಂಘ ಕನ್ನಡಿಗರದು, ಒಂದು ಜಿಲ್ಲೆಯದಲ್ಲ.

'ರೈಲಿದೆಯಲ್ಲ' ಎನ್ನುವವರು ಮೇ ತಿಂಗಳ ಟಿಕೇಟು ತೆಗೆದು ತೋರಿಸಲಿ. 2024ರ ನವೆಂಬರದಿಂದ ಮುಂಗಡ ಕಾದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿದರು. ವೇಟಿಂಗ್ ಲಿಸ್ಟು ಮಾತ್ರ ಇಳಿಯಲಿಲ್ಲ. ಮದುವೆ, ಉಪನಯನ, ಕೋಲ, ಶಾಲೆಯ ರಜೆ, ಎಲ್ಲವೂ ಬರುವುದು ಏಪ್ರಿಲ್-ಮೇಯಲ್ಲೇ. ಕಡಲು ಶಾಂತವಾಗಿರುವ ಕಾಲವೂ ಮೇ ಮಧ್ಯದ ತನಕ ಇದ್ದೇ ಇದೆ. ಚೌತಿಗೆ ಹಡಗು ಒದಗುವುದಿಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ. ಮಳೆಗಾಲದಲ್ಲಿ ಸಮುದ್ರದೊಡನೆ ಆಟವಾಡಿದರೆ ಏನಾಗುತ್ತದೆಂಬುದಕ್ಕೆ 1947ರ ಜುಲೈ 17ರಂದು ರೇವಸದ ದಾರಿಯಲ್ಲಿ ಮುಳುಗಿದ 'ರಾಮದಾಸ' ಸಾಕ್ಷಿ. ಆರುನೂರಕ್ಕೂ ಹೆಚ್ಚು ಜನ ಹೋದರು.

ನಷ್ಟದ ಬಾಬ್ತೆಂದು ಇನ್ನು ಕೆಲವರ ವಾದ. ಇರಬಹುದು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ರಾತ್ರಿ ಹಡಗುಗಳನ್ನು ಅಲ್ಲಿನ ಆಡಳಿತ ಲಾಭಕ್ಕೆಂದು ನಡೆಸುತ್ತಿದೆಯೆ? ಅವುಗಳಲ್ಲಿ ಸಾಮಾನ್ಯರಿಗೆ ಬಂಕು ಇದೆ, ಸಾಮಾನ್ಯರ ದರವಿದೆ. ಕೊಂಕಣ ರೈಲ್ವೆ ಹುಟ್ಟಿದಾಗ ಕರ್ನಾಟಕ ಸರಕಾರ ಶೇಕಡಾ 15ರ ಪಾಲು ಹಾಕಿತ್ತು. ಬೆಟ್ಟ ಕೊರೆಯಲು ಪಾಲು ಹಾಕಿದ ಸರಕಾರಕ್ಕೆ ಕೊರೆಯಬೇಕಿಲ್ಲದ ಕಡಲಿನಲ್ಲಿ ಪಾಲು ಹಾಕಲು ಕಷ್ಟವೇನು? ಮಹಾರಾಷ್ಟ್ರದವರು 2025ರಲ್ಲಿ ತಮ್ಮ ಜಯಗಡ, ವಿಜಯದುರ್ಗಗಳಿಗೆ ಮುಂಬಯಿಯಿಂದ ರೋ-ರೋ ಹಡಗು ಘೋಷಿಸಿದರು. ತಮ್ಮ ಜನರಿಗಾಗಿ ಅವರು ಕೇಳಿದರು. ಬೆಂಗಳೂರಿನಲ್ಲಿ ನಮಗಾಗಿ ಕೇಳಿದವರು ಯಾರು?

ನಮ್ಮ ವರ್ಸೋವಾದಿಂದ ಮಢಕ್ಕೆ ದಾಟುವ ದೋಣಿಯನ್ನು ನೋಡಿದ್ದೀರಲ್ಲ. ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಮೋಟಾರ್ ಸೈಕಲ್, ಎಲ್ಲವೂ ಅದರಲ್ಲೇ. ಅಲ್ಲಿ ಹಾಡಿಲ್ಲ, ಹೌಸಿಯಿಲ್ಲ. ಅಂಥ ಹಡಗು ಬೇಕು ನಮಗೆ. ಸ್ವಲ್ಪ ದೊಡ್ಡದು, ಒಂದು ರಾತ್ರಿಯದು.

ಆದ್ದರಿಂದ ಬರುವ ಮಹಾಸಭೆಯಲ್ಲಿ ನನ್ನ ಠರಾವು ಹೀಗಿದೆ: ಪ್ರವಾಸಕ್ಕೆ ತೆಗೆದಿಟ್ಟ ಸಂಘದ ಹಣದಿಂದ ಇಬ್ಬರು ಸದಸ್ಯರನ್ನು ಕಾರವಾರಕ್ಕೂ ಬೆಂಗಳೂರಿಗೂ ಕಳಿಸಬೇಕು. ಬಂದರು ಸಚಿವರಿಗೂ ಕರ್ನಾಟಕ ಜಲಸಾರಿಗೆ ಮಂಡಳಿಗೂ ಕೊಡುವ ಮನವಿಗೆ ಮುಂಬಯಿಯ ಉಳಿದ ಕನ್ನಡ ಸಂಘಗಳ ಸಹಿಯನ್ನೂ ಕೂಡಿಸಬೇಕು. ವಾರ್ಷಿಕ ಪ್ರವಾಸಕ್ಕೆ ಎಲ್ಲರಿಗೂ ಎಟಕುವಂತೆ ಕಾನ್ಹೇರಿ ಗುಹೆಗಳು ಹತ್ತಿರದಲ್ಲೇ ಇವೆ. ಅನುಮೋದಿಸುವವರು ಸಭೆಗೆ ಮುಂಚೆ ತಮ್ಮ ಹೆಸರನ್ನು ಕಾರ್ಯದರ್ಶಿಗಳಿಗೆ ಬರೆದುಕೊಡಬೇಕು. ವಿರೋಧಿಸುವವರೂ ಬರಲಿ, ಆದರೆ ಮೇ ತಿಂಗಳಿಗೆ ಊರಿನ ಟಿಕೇಟು ಹೇಗೆ ಮಾಡಿಸಿದರೆಂದು ಮೊದಲು ಹೇಳಿ ಆಮೇಲೆ ಮಾತಾಡಲಿ.