ಗೊಬ್ಬರ ಆದ್ರ ಎಪಿಎಂಸಿ ಬಾಜೂಕ ಇಡ್ರಿ

ಪೋಸ್ಟ್ ಉದ್ದ ಐತಿ. ಪೂರ್ತಿ ಓದಿ, ಆಮೇಲೆ ಬೈಯ್ರಿ.

ನಮ್ಮ ಜಿಲ್ಲೆಯ ಒಂದು ಊರಿನ ಸಭೆ. ಊರಿನ ಹೆಸರು ಬೇಡ. ಕಸ ವಿಲೇವಾರಿ ಘಟಕಕ್ಕೆ ಜಾಗ ನೋಡಿದ್ದರು. ಮೇಜಿನ ಮೇಲೆ ನಕ್ಷೆ ಹಾಸಿ ಅಧಿಕಾರಿಯೊಬ್ಬರು ಬೆರಳಿಟ್ಟು ಹೇಳಿದರು: "ಇಲ್ಲಿ ಜನವಸತಿ ಇಲ್ಲ, ಸರ್ಕಾರಿ ಜಮೀನು, ತೊಂದರೆ ಏನಿಲ್ಲ." ಹಿಂದೆ ನಿಂತಿದ್ದ ನಮ್ಮ ಅಜ್ಜಿಯೊಬ್ಬಳು ಮುಂದೆ ಬಂದು ಬಗ್ಗಿ ನೋಡಿದಳು. "ಸಾಹೇಬ್ರ, ನಿಮ್ಮ ಬಟ್ಟ ತಗೀರಿ. ಅದ್ರ ಕೆಳಗ ನನ್ನ ಮನಿ ಐತಿ."

ಆ ಅಜ್ಜಿಗೆ ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲದ್ದಕ್ಕೆ ನಕ್ಷೆಯಲ್ಲಿ ಮನೆ ಇಲ್ಲ. ನಕ್ಷೆಯಲ್ಲಿ ಮನೆ ಇಲ್ಲದ್ದಕ್ಕೆ ಅಲ್ಲಿ ಜನವಸತಿ ಇಲ್ಲ. ಜನವಸತಿ ಇಲ್ಲ ಅಂದಮೇಲೆ ಕಸ ಸುರಿಯಾಕ ಯೋಗ್ಯ ಜಾಗ. ನೋಡ್ರಿ, ಯಾರ ಮೈಯೂ ಮುಟ್ಟದೆ ಅಸ್ಪೃಶ್ಯತೆ ಆಚರಿಸೋದು ಎಷ್ಟು ಸಲೀಸು. ಒಂದು ನಕ್ಷೆ, ಒಂದು ಸಹಿ ಸಾಕು.

ಇದು ಹೊಸದಲ್ಲ. 2010ರ ಜುಲೈ ತಿಂಗಳು ನೆನಪಿರಬೇಕು. ಸವಣೂರಿನಲ್ಲಿ ಭಂಗಿ ಸಮುದಾಯದ ನಮ್ಮ ಬಂಧುಗಳು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ದೇಶಕ್ಕೆ ದೇಶವೇ ಬೆಚ್ಚಿತು. ಪತ್ರಿಕೆಗಳು, ಚಾನೆಲ್‌ಗಳು ಎಲ್ಲಾ ಮಲದ ಚಿತ್ರ ತೋರಿಸಿದವು. ಆದರೆ ಆ ಜಗಳ ಶುರುವಾಗಿದ್ದು ಜಾಗದಿಂದ. ಅಜ್ಜ ಮುತ್ತಜ್ಜನ ಕಾಲದಿಂದ ಊರಿನ ಹೇಲು ಬಳಿದ ಮನೆಗಳು ಅವು. ಊರು ಬೆಳೆಯಿತು, ಆ ನೆಲಕ್ಕೆ ಬೆಲೆ ಬಂತು, ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕು, ನೀವು ಏಳ್ರಿ ಅಂದರು. ಅಂದರೆ ಅದೊಂದು ಭೂಬಳಕೆಯ ತೀರ್ಮಾನ. ನೆಲಕ್ಕೆ ಬೆಲೆ ಬಂದರೆ ನಾವು ಏಳಬೇಕು, ಬೆಲೆ ಇಲ್ಲದ ನೆಲದಲ್ಲಿ ಕೂತರೆ ಕಸ ನಮ್ಮ ಹತ್ತಿರ ಬರಬೇಕು. ಎರಡಕ್ಕೂ ಕಾರಣ ಒಂದೇ: ಅಷ್ಟು ವರ್ಷ ಇದ್ದರೂ ಆ ನೆಲ ನಮ್ಮ ಹೆಸರಿನಲ್ಲಿ ಇಲ್ಲ.

ಈಗ ಕಾನೂನಿಗೆ ಬರೋಣ. ಸ್ವಲ್ಪ ತಾಳ್ಮೆ ಬೇಕು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕಸ ಹೂಳುವ ಜಾಗ (ಭೂಭರ್ತಿ ಅಂತಾರೆ) ಜನವಸತಿಯಿಂದ, ಕುಡಿಯುವ ನೀರಿನ ಬಾವಿಯಿಂದ, ಹೆದ್ದಾರಿಯಿಂದ 200 ಮೀಟರ್ ದೂರ ಇರಬೇಕಿತ್ತು. ಕೆರೆಕಟ್ಟೆಯಿಂದ 200 ಮೀಟರ್, ನದಿಯಿಂದ 100 ಮೀಟರ್. ಆದರೆ ಇದು ಹೂಳುವ ಜಾಗಕ್ಕೆ ಹೇಳಿದ ಅಂತರ. ಗೊಬ್ಬರ ಮಾಡುವ ಘಟಕಕ್ಕೆ ಬೇರೆ ಲೆಕ್ಕ: ದಿನಕ್ಕೆ 5 ಟನ್ ಮೀರಿದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕಿತ್ತು, ಸುತ್ತ ಯಾರೂ ಕಟ್ಟದಂತೆ ಒಂದು ಬಯಲು ಪಟ್ಟಿ ಬಿಡಬೇಕಿತ್ತು.

ಗಂಟು ಇರೋದು ಇಲ್ಲೇ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಇವೆಲ್ಲ ಅಂದಾಜು 20 ಸಾವಿರದಿಂದ 40 ಸಾವಿರ ಜನರ ಊರು. ತಲೆಗೆ ದಿನಕ್ಕೆ 300 ಗ್ರಾಂ ಕಸ ಅಂತ ಹಿಡಿದರೂ 6ರಿಂದ 12 ಟನ್. ಅದರಲ್ಲಿ ಅರ್ಧ ಹಸಿ ಕಸ ಅಂದ್ರೆ 3ರಿಂದ 6 ಟನ್. ಇಂಥಾ ಸಣ್ಣ ಊರಿನ ಘಟಕ ಕಾಗದದ ಮೇಲೆ 5 ಟನ್ನಿನ ಗೆರೆ ದಾಟದಂತೆ ನೋಡಿಕೊಳ್ಳೋದು ಕಷ್ಟದ ಕೆಲಸ ಆಗಿರಲಿಲ್ಲ. ಇನ್ನು ಹೆಸರಿನ ಆಟ ಬೇರೆ. ಬೋರ್ಡಿನ ಮೇಲೆ "ಗೊಬ್ಬರ ಘಟಕ" ಅಂತ ಬರೆದು, ಒಳಗೆ ಹಸಿ ಒಣ ಬೇರ್ಪಡಿಸದ ಕಸ ವರ್ಷಗಟ್ಟಲೆ ಗುಡ್ಡೆ ಬಿದ್ದರೆ ಅದು ಗೊಬ್ಬರ ಹೆಂಗಾಗ್ತದ? ಅದು ತಿಪ್ಪೆಯೂ ಅಲ್ಲ. ಕಸ ಹೂಳುವ ಜಾಗವೇ, 200 ಮೀಟರ್ ನಿಯಮ ತಪ್ಪಿಸಿಕೊಂಡದ್ದು ಅಷ್ಟೇ.

ತಿಪ್ಪೆಯ ಮಾತು ಬಂತು, ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಗೌಡರ ತಿಪ್ಪಿ ಎಲ್ಲಿರ್ತಿತ್ತು? ಅವರ ಹಿತ್ತಲದಾಗ, ಕೊಟ್ಟಿಗೆ ಬಾಜೂಕ. ಯಾಕಂದ್ರ ಅದು ಆಸ್ತಿ. ಯುಗಾದಿ ಮುಂದ ಬಂಡಿ ಕಟ್ಟಿ ಹೊಲಕ್ಕ ಹೇರಬೇಕು. ಆ ತಿಪ್ಪಿಯಿಂದ ಒಂದು ಬುಟ್ಟಿ ಗೊಬ್ಬರ ನಮ್ಮವರು ಮುಟ್ಟಿದ್ರ ಗದ್ದಲ ಆಗೋದು. ಸ್ವಂತ ತಿಪ್ಪಿ ಕಾಯೋದಕ್ಕ ನಾಯಿ ಕಟ್ಟಿದ ಮಂದಿ ಇವತ್ತು ಊರಿನ ಕಸ ಮಾತ್ರ ಕೇರಿ ಕಡೆ ಹೋಗಲಿ ಅಂತಾರ. ಹಂಗಾರ ಅವರಿಗೇ ಗೊತ್ತೈತಿ, ಅಲ್ಲಿ ಗೊಬ್ಬರ ಆಗಂಗಿಲ್ಲ ಅಂತ.

ನಾನು ಗೊಬ್ಬರ ಘಟಕದ ವಿರೋಧಿ ಅಲ್ಲ. ಇದನ್ನು ನಮ್ಮ ಸಂಗಾತಿಗಳಿಗೂ ಹೇಳ್ತೀನಿ. ಘಟಕ ಬೇಡವೇ ಬೇಡ ಅಂತ ಧರಣಿ ಕೂತರೆ ಕಸ ಮಾಯ ಆಗೋದಿಲ್ಲ, ಕೆರೆ ದಂಡೆಗೋ ಹಳ್ಳಕ್ಕೋ ಬೀಳ್ತದೆ, ಆ ಹಳ್ಳವೂ ನಮ್ಮ ಮನೆ ಹಿಂದೆಯೇ ಹರಿಯೋದು. ಅಲ್ಲದೆ ಅಲ್ಲಿ ದುಡಿಯುವ ಪೌರಕಾರ್ಮಿಕರೂ ನಮ್ಮ ಅಕ್ಕತಂಗಿಯರೇ. ಅವರಿಗೆ ಕೆಲಸ ಬೇಕು, ಕಾಯಂ ಕೆಲಸ ಬೇಕು, ಕೈಗವಸು, ಬೂಟು, ಕೈ ತೊಳೆಯಾಕ ನೀರು ಬೇಕು. ಗೊಬ್ಬರದ ಸಾಲು ಹಾಕುವ ನೆಲಕ್ಕೆ ಕಾಂಕ್ರೀಟ್ ಅಥವಾ 50 ಸೆಂ.ಮೀ. ದಮ್ಮಸು ಮಾಡಿದ ಜೇಡಿ ಇರಬೇಕು, ಕಸದ ರಸ ಹರಿದುಹೋಗಲು ಸುತ್ತ ಗಟಾರ ಇರಬೇಕು. ಇದೂ ಅದೇ 2016ರ ನಿಯಮದಲ್ಲಿತ್ತು. ಬರೀ ಮಣ್ಣಿನ ಮೇಲೆ ಸುರಿದರೆ ಆ ರಸ ಮೊದಲು ಇಳಿಯೋದು ಕೇರಿಯ ಬೋರ್‌ವೆಲ್ಲಿಗೆ.

ಹಾಗಾದರೆ ಎಲ್ಲಿಡಬೇಕು? ನನ್ನ ಉತ್ತರ ಸರಳ. ಅದು ನಿಜವಾಗಿ ಗೊಬ್ಬರ ಆಗೋದಾದರೆ ಎಪಿಎಂಸಿ ಬಾಜೂಕ ಇಡ್ರಿ. ಕಾಯಿಪಲ್ಲೆ ಕಸ ಅಲ್ಲೇ ಸಿಗ್ತದೆ, ರೈತರ ಟ್ರ್ಯಾಕ್ಟರ್ ಅಲ್ಲಿಗೇ ಬರ್ತಾವ, ವಾಪಸ್ ಹೋಗುವಾಗ ಗೊಬ್ಬರ ಹೇರಿಕೊಂಡು ಹೋಗಲಿ. ಸವಣೂರಿನ ಎಲೆಬಳ್ಳಿ ತೋಟಗಳಿಗೆ ಗೊಬ್ಬರ ಬೇಡವೇನು? "ಅಯ್ಯೋ, ವ್ಯಾಪಾರಸ್ಥರಿಗೆ ವಾಸನೆ ಬರ್ತದೆ" ಅಂತೀರಾ? ಬಂತು ನೋಡ್ರಿ ಬಾಯಿಗೆ ನಿಜ. ನಮ್ಮ ಮೂಗು ಬೇರೆ ದೇವರು ಮಾಡಿದ್ದೇನು?

ಬೆಂಗಳೂರಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಅಂತ ಐತಿ, 1975ರದ್ದು. ಅದರ ಘಟಕದ ಸುತ್ತ ಆಗ ಬಯಲು. ಆಮೇಲೆ ಎಚ್‌ಎಸ್‌ಆರ್ ಲೇಔಟ್ ಕಡೆ ಅಪಾರ್ಟ್‌ಮೆಂಟ್ ಎದ್ದವು. ಅಲ್ಲಿನವರು ವಾಸನೆ ಅಂತ ವರ್ಷಗಟ್ಟಲೆ ಹೋರಾಡಿದರು, ಪತ್ರಿಕೆಗಳು ಬರೆದವು. ಅವರ ಹೋರಾಟ ತಪ್ಪಲ್ಲ, ವಾಸನೆ ವಾಸನೆಯೇ. ಆದರೆ ಅದೇ ಬೆಂಗಳೂರಿನ ಕಸ ಹೊತ್ತ ಮಂಡೂರಿನ ಹಳ್ಳಿ ಜನ ಲಾರಿ ತಡೆದು ರಸ್ತೆಗೆ ಕೂರಬೇಕಾಯಿತು. 2014ರ ಡಿಸೆಂಬರ್ 1ಕ್ಕೆ ಗಡುವು ಹಾಕಿಸಿಕೊಂಡ ಮೇಲೆಯೇ ಅಲ್ಲಿ ಲಾರಿ ನಿಂತದ್ದು. ಹಕ್ಕುಪತ್ರವೂ ಇಲ್ಲದ ನಮ್ಮ ಕೇರಿ ಯಾವ ರಸ್ತೆಗೆ ಕೂರಬೇಕು?

ಇನ್ನೊಂದು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರಲ್ಲೇ ಇದನ್ನು ಕಂಡಿತ್ತು. ನಮ್ಮವರ ನೆರೆಹೊರೆಯಲ್ಲಿ ಮಲ, ಕಸ, ಸತ್ತ ಪ್ರಾಣಿ ಸುರಿದರೆ ಅದು ಅಪರಾಧ. ಆದರೆ ನೆರೆಹೊರೆಯ ಕಲಮಿಗೆ ಒಂದು ಮಾತು ಜೋಡಿಸಿದ್ದಾರೆ: ಅವಮಾನ ಮಾಡುವ, ಕಿರಿಕಿರಿ ಕೊಡುವ ಉದ್ದೇಶ ಇರಬೇಕು. ಯಾವ ಅಧಿಕಾರಿ ಕಡತದಲ್ಲಿ ಉದ್ದೇಶ ಬರೀತಾನ? "ತಾಂತ್ರಿಕವಾಗಿ ಸೂಕ್ತ ಸ್ಥಳ" ಅಂತ ಬರೀತಾನ. ಹಾಗಾಗಿ ನಾವು ಜಗಳ ತೆಗೆಯಬೇಕಾದ್ದು ಕಸ ಬಿದ್ದ ಮೇಲಲ್ಲ, ಕಡತ ಇನ್ನೂ ತಹಶೀಲ್ದಾರ್ ಕಚೇರಿಯಲ್ಲಿ ಇರುವಾಗ. ಜಮೀನು ಕಾಯ್ದಿರಿಸುವ ಆದೇಶ ಹೊರಡುವ ಮೊದಲು, ಸ್ಥಳ ಪರಿಶೀಲನೆಯ ದಿನ ಕೇರಿಯ ಮಂದಿ ಅಲ್ಲಿರಬೇಕು. ಹಕ್ಕುಪತ್ರ ಇರಲಿ ಬಿಡಲಿ, ಒಲೆ ಹೊತ್ತುವ ಪ್ರತಿ ಮನೆ ಆ ನಕ್ಷೆಯಲ್ಲಿ ಬರಬೇಕು. ಅದಾದ ಮೇಲೆ ಅಂತರ ಅಳೀರಿ.

ಮಾಡಬೇಕಾದ್ದು: ನಿಮ್ಮೂರಿನ ಪುರಸಭೆ, ಪಟ್ಟಣ ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು, ಅದಕ್ಕೇ ಪುರಾಣ ಬರೆಯಬ್ಯಾಡ್ರಿ. ಘಟಕದ ಸ್ಥಳ ನಕ್ಷೆ, ಜಮೀನು ಮಂಜೂರಾತಿ ಆದೇಶ, ದಿನಕ್ಕೆ ಎಷ್ಟು ಟನ್ ಅಂತ ತೋರಿಸಿದ ಕಾಗದ, ಮಂಡಳಿಯ ಅನುಮತಿ ಪತ್ರ ಇಷ್ಟು ಕೇಳ್ರಿ. ಅರ್ಜಿ ಬರೆಯಾಕ ಬರದವರು ಕಾಮೆಂಟಿನಲ್ಲಿ ಊರಿನ ಹೆಸರು ಹಾಕ್ರಿ, ನಮೂನೆ ಕಳಿಸ್ತೀನಿ. ನಕ್ಷೆ ಕೈಗೆ ಬಂದ ದಿನ ಫೋನ್ ಮಾಡ್ರಿ. ಅಳತೆ ಟೇಪು ನಾನು ತರ್ತೀನಿ, ಅಜ್ಜಿಯನ್ನ ನೀವು ಕರ್ಕೊಂಡು ಬರ್ರಿ.