ಫಾರ್ಮ್ಯಾಟ್ ಹೊಡೆಸುವ ಮೊದಲು

ನಮ್ಮ ಅಬ್ಬಾ ಇಳಕಲ್ಲಿನಲ್ಲಿ ಸಣ್ಣದೊಂದು ಸೀರೆ ಅಂಗಡಿ ಇಟ್ಟುಕೊಂಡಿದ್ದಾರೆ. ಉದ್ರಿ ಲೆಕ್ಕವೆಲ್ಲ ಮೊದಲು ಖಾತೆ ಪುಸ್ತಕದಲ್ಲಿತ್ತು. ನಾನು ಎಂಟನೇ ತರಗತಿಯಲ್ಲಿದ್ದಾಗ ಭಾಯಿ ಹಳೇ ಕಂಪ್ಯೂಟರ್ ಒಂದನ್ನು ತಂದು ಲೆಕ್ಕವನ್ನೆಲ್ಲ ಎಕ್ಸೆಲ್‌ಗೆ ಏರಿಸಿದ. ಪುಸ್ತಕ ಮೂಲೆ ಸೇರಿತು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಒಂದು ದಿನ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಮಾತ್ರ ಬರಲಿಲ್ಲ. ಫ್ಯಾನ್ ತಿರುಗುತ್ತಿತ್ತು. ಕಪ್ಪು ಪರದೆಯ ಮೇಲೆ ‘ನೋ ಬೂಟ್ ಡಿವೈಸ್’ ಎಂಬ ಒಂದೇ ಸಾಲು.

ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿದ್ದವರು ಎರಡು ನಿಮಿಷ ನೋಡಿ, “ವಿಂಡೋಸ್ ಹೋಗೇತ್ರಿ ಚಾಚಾ. ಫಾರ್ಮ್ಯಾಟ್ ಹೊಡದ್ರ ಸಂಜೀಕ ಕೊಡ್ತೀನಿ” ಎಂದರು. ಅಬ್ಬಾ “ಹೂಂ” ಎಂದರು. ಫಾರ್ಮ್ಯಾಟ್ ಎಂದರೆ ಏನು ಅಳಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನಗೂ ಗೊತ್ತಿರಲಿಲ್ಲ. ಸಂಜೆ ಕಂಪ್ಯೂಟರ್ ಹೊಸದರಂತೆ ಚಾಲೂ ಆಯಿತು. ಒಳಗೆ ಏನೂ ಇರಲಿಲ್ಲ. ಮೂರು ವರ್ಷದ ಉದ್ರಿ ಲೆಕ್ಕ ಹೋಯಿತು. ತೀರಿಹೋದ ನಾನಿ ಮೊಮ್ಮಕ್ಕಳಿಗೆ ಕಥೆ ಹೇಳಿದ್ದನ್ನು ಭಾಯಿ ರೆಕಾರ್ಡ್ ಮಾಡಿ ಇಟ್ಟಿದ್ದ; ಅದೂ ಹೋಯಿತು. ಕೆಲವು ಗಿರಾಕಿಗಳು ತಾವಾಗಿಯೇ ಬಂದು “ನಂದು ಇಷ್ಟು ಬಾಕಿ ಐತ್ರಿ” ಎಂದು ಕೊಟ್ಟರು. ಉಳಿದವರನ್ನು ಯಾವ ಬಾಯಿಂದ ಕೇಳುವುದು?

ಈ ವರ್ಷ, ನಾನು ದ್ವಿತೀಯ ಪಿಯುಸಿಗೆ ಬಂದ ಮೇಲೆ, ಅದೇ ಕಂಪ್ಯೂಟರ್ ಅದೇ ಸಾಲು ತೋರಿಸಿ ನಿಂತಿತು. ಈ ಸಲ ನಮ್ಮ ಕಂಪ್ಯೂಟರ್ ವಿಭಾಗದ ಸರ್‌ಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: “ಬಯಾಸ್‌ನ್ಯಾಗ ಗಡಿಯಾರ ಯಾವ ವರ್ಷ ತೋರಸ್ತೈತಿ ನೋಡು.” ನೋಡಿದರೆ ಎಷ್ಟೋ ವರ್ಷ ಹಿಂದಿನ ತಾರೀಖು. ಮದರ್‌ಬೋರ್ಡ್ ಮೇಲೆ ನಾಣ್ಯದಷ್ಟೇ ಇರುವ 3 ವೋಲ್ಟ್‌ನ ಸಿಆರ್ 2032 ಬ್ಯಾಟರಿ ಸತ್ತಿತ್ತು. ಕರೆಂಟ್ ಪೂರ್ತಿ ಹೋದಾಗ ತಾರೀಖನ್ನೂ, ಯಾವ ಡಿಸ್ಕಿನಿಂದ ಹೇಗೆ ಶುರು ಮಾಡಬೇಕೆಂಬ ಸೆಟ್ಟಿಂಗನ್ನೂ ಯಂತ್ರ ಮರೆತುಬಿಟ್ಟಿತ್ತು. ಬ್ಯಾಟರಿ ಬದಲಿಸಿ, ಸೆಟ್ಟಿಂಗ್ ಸರಿ ಮಾಡಿದೆವು. ಒಂದು ಫೈಲೂ ಹೋಗಲಿಲ್ಲ. ಮೊದಲ ಸಲವೂ ಇದೇ ಕಾರಣ ಇತ್ತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆಗ ಯಾರೂ ನೋಡಲೇ ಇಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ನಮ್ಮ ಕಡೆ ಕಂಪ್ಯೂಟರಿನ ಯಾವ ಕಾಯಿಲೆಗೂ ಫಾರ್ಮ್ಯಾಟ್ ಒಂದೇ ಔಷಧಿ ಎಂಬಂತಾಗಿದೆ. ನಾನು ಹೇಳುವುದು ಇಷ್ಟು: ಕಂಪ್ಯೂಟರ್ ಚಾಲೂ ಆಗದಿರುವುದು ಬೇರೆ, ಒಳಗಿನ ಫೈಲ್ ಹೋಗುವುದು ಬೇರೆ. ಮೊದಲನೆಯದು ಸಾಮಾನ್ಯವಾಗಿ ರಿಪೇರಿಯಾಗುತ್ತದೆ. ಎರಡನೆಯದು ಎಷ್ಟೋ ಸಲ ನಮ್ಮ ಅವಸರದಿಂದಲೇ ಆಗುತ್ತದೆ.

2024ರ ಜುಲೈ 19ರಂದು ಆದದ್ದನ್ನು ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಆ ಯಂತ್ರಗಳನ್ನೆಲ್ಲ ಫಾರ್ಮ್ಯಾಟ್ ಹೊಡೆದರೇ? ಇಲ್ಲ. ಸೇಫ್ ಮೋಡ್‌ಗೆ ಹೋಗಿ ಕೆಟ್ಟ ಫೈಲೊಂದನ್ನು ಅಳಿಸಿ ಮತ್ತೆ ಚಾಲೂ ಮಾಡುವುದೇ ಅದರ ಮುಖ್ಯ ಪರಿಹಾರವಾಗಿತ್ತು. ಯಂತ್ರ ನಿಂತಿತ್ತು, ಮಾಹಿತಿ ಒಳಗೇ ಇತ್ತು.

ಹಾಗಾದರೆ ಚಾಲೂ ಆಗದಿದ್ದಾಗ ಏನು ಮಾಡಬೇಕು? ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಮೊದಲು ಕರೆಂಟ್: ಪ್ಲಗ್, ಯುಪಿಎಸ್, ಸಿಪಿಯು ಹಿಂದಿನ ಸ್ವಿಚ್ಚು. ಲೈಟ್ ಹತ್ತಿದೆ, ಪರದೆ ಮಾತ್ರ ಕಪ್ಪಗಿದೆ ಎಂದರೆ ಮಾನಿಟರ್ ಕೇಬಲ್ ನೋಡಿ. ಬೀಪ್ ಬೀಪ್ ಎಂದು ಕೂಗಿಕೊಂಡರೆ ರ‍್ಯಾಮ್ ಸಡಿಲಾಗಿರುವ ಸಾಧ್ಯತೆ ಹೆಚ್ಚು. ಕರೆಂಟ್ ತೆಗೆದು, ರ‍್ಯಾಮ್ ಬಿಚ್ಚಿ, ಧೂಳು ಒರೆಸಿ, ಮತ್ತೆ ಗಟ್ಟಿಯಾಗಿ ಕೂಡಿಸಿ. ಪೆನ್‌ಡ್ರೈವ್ ಚುಚ್ಚಿದ್ದರೆ ತೆಗೆಯಿರಿ. ಎಷ್ಟೋ ಯಂತ್ರ ಅದರಿಂದಲೇ ಶುರುವಾಗಲು ಹೋಗಿ ನಿಲ್ಲುತ್ತದೆ. ಪರದೆಯ ಮೇಲೆ ಏನಾದರೂ ಬರೆದಿದ್ದರೆ ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ರಿಪೇರಿಯವರಿಗೆ ‘ಆನ್ ಆಗ್ತಿಲ್ಲ’ ಎನ್ನುವ ಮಾತಿಗಿಂತ ಆ ಫೋಟೊ ಹೆಚ್ಚು ಹೇಳುತ್ತದೆ. ವಿಂಡೋಸ್ ಅರ್ಧಕ್ಕೆ ಬಂದು ನಿಲ್ಲುತ್ತಿದ್ದರೆ ಸ್ಟಾರ್ಟಪ್ ರಿಪೇರಿ, ಸೇಫ್ ಮೋಡ್ ಇವೆ.

ಇದ್ಯಾವುದೂ ಆಗದಿದ್ದರೂ ಫೈಲ್ ತೆಗೆಯುವ ದಾರಿ ಮುಚ್ಚಿಲ್ಲ. ಪೆನ್‌ಡ್ರೈವಿನಿಂದ ಉಬುಂಟು ಚಾಲೂ ಮಾಡಿ ಒಳಗಿನ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಬಹುದು. ಇಲ್ಲವೆ ಹಾರ್ಡ್ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಬಹುದು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಅದರ ರಿಕವರಿ ಕೀ ಬೇಕಾಗುತ್ತದೆ, ಅದನ್ನು ಇವತ್ತೇ ಕಾಗದದ ಮೇಲೆ ಬರೆದಿಡಿ. ಇನ್ನೊಂದು ಎಚ್ಚರಿಕೆ: ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಕೂಡಲೇ ಬಂದ್ ಮಾಡಿ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಉಳಿದದ್ದೂ ಕೆಡುತ್ತದೆ.

ಆದರೆ ಡಿಸ್ಕೇ ಸತ್ತರೆ? ಆಗ ಯಾವ ಜಾಣತನವೂ ನಡೆಯದು, ಮೊದಲೇ ಇಟ್ಟ ನಕಲೊಂದೇ ಉಳಿಸುವುದು. ನಕಲಿನ ಬೆಲೆ ನಮ್ಮ ನೆಲಕ್ಕೆ ಹೊಸದೇನಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುಟಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ ಇಮ್ಮಡಿ ಪುಲಿಕೇಶಿಯ ಶಾಸನವಿದೆ. ಅದು ಕ್ರಿ.ಶ. 634ರದ್ದು. ಸಾವಿರದ ಮುನ್ನೂರು ವರ್ಷ ದಾಟಿಯೂ ಆ ಕಲ್ಲು ನಿಂತಿದೆ. ಆದರೂ ವಿದ್ವಾಂಸರು ಕಲ್ಲನ್ನೊಂದೇ ನಂಬಿ ಕೂಡಲಿಲ್ಲ. ಒದ್ದೆ ಕಾಗದ ಒತ್ತಿ, ಮಸಿ ಹಚ್ಚಿ ಪಡಿಯಚ್ಚು ತೆಗೆದರು. ಫ್ಲೀಟ್ 1876ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅದನ್ನು ಪ್ರಕಟಿಸಿದರು, ಮುಂದೆ ಕೀಲ್‌ಹಾರ್ನ್ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು. ಇಂದು ಆ ಗೋಡೆಯ ಒಂದು ಅಕ್ಷರ ಉದುರಿದರೂ ಅದರ ಪಾಠ ದೇಶ ವಿದೇಶದ ಗ್ರಂಥಾಲಯಗಳಲ್ಲಿ ಇದೆ. ಕಲ್ಲಿಗೇ ನಕಲು ಬೇಕಾಯಿತು ಎಂದ ಮೇಲೆ ನಮ್ಮ ಹಾರ್ಡ್ ಡಿಸ್ಕಿಗೆ ಬೇಡವೇ?

ನಕಲು ಎಲ್ಲಿಡಬೇಕು ಎಂಬುದನ್ನೂ ನಮ್ಮ ಜಿಲ್ಲೆಯೇ ಕಲಿಸಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಐಹೊಳೆ, ಪಟ್ಟದಕಲ್ಲುಗಳಿಗೆ ನೀರು ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ, ಕೇಳಿದ್ದೇವೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಮನೆ ಹೋಗಿ ಜನ ನವನಗರಕ್ಕೆ ಬಂದರು. ಕಂಪ್ಯೂಟರೂ ಪೆನ್‌ಡ್ರೈವೂ ಒಂದೇ ಕಪಾಟಿನಲ್ಲಿದ್ದರೆ ನೀರಿಗೆ, ಬೆಂಕಿಗೆ, ಕಳ್ಳನಿಗೆ ಎರಡೂ ಒಟ್ಟಿಗೇ ಸಿಗುತ್ತವೆ. ಅದಕ್ಕೇ ತಿಳಿದವರು ‘ಮೂರು, ಎರಡು, ಒಂದು’ ಎಂಬ ಲೆಕ್ಕ ಹೇಳುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಜಾಗದಲ್ಲಿ.

“ನಮ್ಮದೆಲ್ಲ ಗೂಗಲ್ ಡ್ರೈವ್‌ನ್ಯಾಗ ಐತಿ” ಎನ್ನುವ ಗೆಳೆಯರಿದ್ದಾರೆ. ಒಳ್ಳೆಯದೇ, 15 ಜಿಬಿ ತನಕ ಬಿಟ್ಟಿಯಾಗಿ ಸಿಗುತ್ತದೆ. ಆದರೆ ಕಂಪ್ಯೂಟರಿನ ಜೊತೆ ಸಿಂಕ್ ಮಾಡಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಹೋಗಿಯೇ ಬಿಡುತ್ತದೆ. ಪಾಸ್‌ವರ್ಡ್ ಮರೆತರೆ ಅದೂ ಇಲ್ಲ. ಇನ್ನು ಪೆನ್‌ಡ್ರೈವ್: ಝೆರಾಕ್ಸ್ ಅಂಗಡಿಗೆ ಒಯ್ದು ತಂದ ಮೇಲೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದನ್ನು ನಮ್ಮಲ್ಲಿ ಕಾಣದವರು ಯಾರು? ಪ್ರಿಂಟಿಗೆ ಒಯ್ಯುವ ಪೆನ್‌ಡ್ರೈವ್ ಬೇರೆ ಇರಲಿ, ನಕಲಿನದ್ದು ಬೇರೆ ಇರಲಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮತ್ತೊಂದು ಮಾತು. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಉಳಿದರೂ ಓದಲು ಬಾರದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಜೊತೆಗೆ ಒಂದು ಪಿಡಿಎಫ್ ಇಡಿ.

ನಕಲು ಇದೆ ಎಂದುಕೊಂಡರೆ ಸಾಲದು, ತೆರೆದು ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು; ಬೇಕಾದಾಗ ಒಂದೂ ನಂಬುವಂತಿರಲಿಲ್ಲ. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿಯೇ ಅವರನ್ನು ಉಳಿಸಿತು. ಅಷ್ಟು ದೊಡ್ಡವರ ಪಾಡೇ ಅದಾದರೆ ನಮ್ಮದೇನು?

ಆದ್ದರಿಂದ ನಮ್ಮ ಕಾಲೇಜಿಗೆ ನನ್ನದೊಂದು ವಿನಂತಿ. ಪ್ರತಿ ಶನಿವಾರ ಲ್ಯಾಬಿನ ಕೊನೆಯ ಹತ್ತು ನಿಮಿಷ ನಕಲಿಗೆ ಮೀಸಲಿಡಬೇಕು. ವಿದ್ಯಾರ್ಥಿಗಳ ಪ್ರಾಜೆಕ್ಟು, ಲ್ಯಾಬ್ ರೆಕಾರ್ಡು, ಕಚೇರಿಯ ಫೈಲು ಇವೆಲ್ಲ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಸರದಿಯಂತೆ ಹೋಗಲಿ. ಒಂದು ಕಾಲೇಜಿನಲ್ಲಿರಲಿ, ಇನ್ನೊಂದು ಬೇರೆ ಕಟ್ಟಡದಲ್ಲಿರಲಿ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೈಲನ್ನು ಆ ಡಿಸ್ಕಿನಿಂದ ತೆಗೆದು ಬೇರೆ ಯಂತ್ರದಲ್ಲಿ ತೆರೆದು ನೋಡಲಿ. ಖರ್ಚಿನ ಮಾತು ಬರುತ್ತದೆ, ಗೊತ್ತು. ಎರಡು ಡಿಸ್ಕಿನ ಖರ್ಚು ಒಂದು ಸಲದ್ದು. ಪರೀಕ್ಷೆಯ ಹಿಂದಿನ ವಾರ ಇಡೀ ಬ್ಯಾಚಿನ ಪ್ರಾಜೆಕ್ಟು ಹೋದರೆ ಅದರ ಖರ್ಚನ್ನು ಯಾರು ಲೆಕ್ಕ ಹಾಕುತ್ತಾರೆ? ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲ್ ಅಷ್ಟೇ ಎನ್ನುವವರಿಗೂ ಇದೇ ಮಾತು. ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿಯ ಪ್ರತಿ ಒಂದೇ ಮೊಬೈಲಿನಲ್ಲಿದ್ದರೆ, ಆ ಮೊಬೈಲ್ ನೀರಿಗೆ ಬಿದ್ದ ದಿನ ಎಲ್ಲವೂ ಬಿದ್ದಂತೆ.

ರಿಪೇರಿ ಅಂಗಡಿಗೆ ಹೋದಾಗ ಎರಡು ಮಾತು ಮಾತ್ರ ಹೇಳಿ: “ಒಳಗಿನ ಫೈಲ್ ಮೊದಲು ತೆಗೀರಿ. ನನ್ನ ಕೇಳದ ಫಾರ್ಮ್ಯಾಟ್ ಹೊಡೀಬ್ಯಾಡ್ರಿ.” ನಾವು ಆ ದಿನ ಇಷ್ಟು ಹೇಳಿದ್ದರೆ ಸಾಕಿತ್ತು. ಅಂಗಡಿಯವರದ್ದಷ್ಟೇ ತಪ್ಪೆಂದು ನಾನು ಹೇಳುವುದಿಲ್ಲ. ನಾವೂ ಕೇಳಲಿಲ್ಲ.

ಈಗ ಪ್ರತಿ ಶುಕ್ರವಾರ ಜುಮ್ಮಾ ಮುಗಿಸಿ ಬಂದ ಮೇಲೆ ಅಂಗಡಿಯ ಲೆಕ್ಕವನ್ನು ನಾನು ಪೆನ್‌ಡ್ರೈವಿಗೆ ಹಾಕುತ್ತೇನೆ. ಇನ್ನೊಂದು ಪ್ರತಿ ಬಾದಾಮಿಯ ಖಾಲಾ ಮನೆಯಲ್ಲಿ ಇರುತ್ತದೆ. ಅಬ್ಬಾ ಖಾತೆ ಪುಸ್ತಕವನ್ನೂ ಬಿಟ್ಟಿಲ್ಲ. ಅದು ಕರೆಂಟ್ ಬೇಡದ ಮೂರನೇ ಪ್ರತಿ. ನಾನಿಯ ಧ್ವನಿಯೂ ಪೂರ್ತಿ ಹೋಗಲಿಲ್ಲ. ನಲವತ್ತು ಸೆಕೆಂಡಿನ ಒಂದು ತುಣುಕನ್ನು ಭಾಯಿ ಹಿಂದೊಮ್ಮೆ ಖಾಲಾಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ. ಅದು ಅವರ ಮೊಬೈಲಿನಲ್ಲಿ ಹಾಗೆಯೇ ಇತ್ತು. ಉಳಿದ ಕಥೆಗಳನ್ನು ಕೂಡ ಯಾರಿಗಾದರೂ ಕಳಿಸಿದ್ದರೆ ಎಂದು ಅಮ್ಮಿ ಈಗಲೂ ಹೇಳುತ್ತಾರೆ.