ನಂಬದವಳ ಕೈಯಲ್ಲಿ ಮನುಸ್ಮೃತಿ

‘ದೇವರನ್ನೇ ನಂಬದವಳು ನೀನು. ಶಾಸ್ತ್ರದ ಮಾತು ನಿನಗ್ಯಾಕೆ?’

ದೊಡ್ಡಪ್ಪ ಇದನ್ನು ಕೇಳಿದ್ದು ಅಪ್ಪನ ದೇಹ ಇನ್ನೂ ನಡುಮನೆಯಲ್ಲಿದ್ದಾಗ. ನಾನು ಒಬ್ಬಳೇ ಮಗಳು. ಎರಡು ವರ್ಷ ಡಯಾಲಿಸಿಸ್‌ಗೆ ಕರ್ಕೊಂಡು ಹೋಗಿದ್ದು ನಾನು, ಆಸ್ಪತ್ರೆಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಆಫೀಸಿನ ಕಾಲ್‌ಗಳನ್ನು ತಗೊಂಡಿದ್ದು ನಾನು. ಹಾಗಾಗಿ ಬೆಂಕಿಯನ್ನೂ ನಾನೇ ಕೊಡ್ತೀನಿ ಅಂದೆ. ಪುರೋಹಿತರು ದರ್ಭೆ ಜೋಡಿಸುತ್ತಾ, ತಲೆ ಎತ್ತದೆ, ‘ಶಾಸ್ತ್ರದಲ್ಲಿ ಅವಕಾಶ ಇಲ್ಲಮ್ಮ’ ಅಂದರು. ಯಾವ ಶಾಸ್ತ್ರ ಅಂತ ಕೇಳಿದೆ. ಉತ್ತರ ಬರಲಿಲ್ಲ. ಮನುಸ್ಮೃತಿಯ ಒಂಬತ್ತನೇ ಅಧ್ಯಾಯದಲ್ಲಿ ಮಗಳು ಮಗನಿಗೆ ಸಮ ಅನ್ನೋ ಮಾತಿದೆಯಲ್ಲ, ಅದನ್ನೇನು ಮಾಡ್ತೀರಿ ಅಂದೆ. ಆಗ ಬಂತು ದೊಡ್ಡಪ್ಪನ ಪ್ರಶ್ನೆ.

ಆವತ್ತು ಉತ್ತರ ಕೊಡೋ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಕೊಡ್ತೀನಿ.

ನಿಮ್ಮ ಕಂಪನಿಯ ಎಚ್‌ಆರ್ ‘ಈ ರಜೆ ಪಾಲಿಸಿಯಲ್ಲಿ ಇಲ್ಲ’ ಅಂದರೆ ನೀವೇನು ಮಾಡ್ತೀರಿ? ಪಾಲಿಸಿಯ ಪಿಡಿಎಫ್ ತೆಗೆದು, ಇಂಥ ಪುಟದಲ್ಲಿ ಇದೆ ನೋಡಿ ಅಂತ ತೋರಿಸ್ತೀರಿ. ‘ಕಂಪನಿ ಮೇಲೆ ನಿಮಗೆ ಭಕ್ತಿಯೇ ಇಲ್ಲ, ಪಾಲಿಸಿ ಯಾಕೆ ಓದಿದಿರಿ?’ ಅಂತ ಯಾರೂ ಕೇಳಲ್ಲ. ಆ ನಿಯಮ ನಿಮ್ಮ ಮೇಲೆ ನಡೆಯುತ್ತೆ, ಅದಕ್ಕೇ ಓದಿದಿರಿ. ನನಗೂ ಅಷ್ಟೇ. ಪುಸ್ತಕವನ್ನು ಆ ಮನೆಯೊಳಗೆ ಮೊದಲು ತಂದದ್ದು ನಾನಲ್ಲ. ಅದನ್ನು ನನ್ನ ಮುಂದೆ ಹಿಡಿದು ಬಾಗಿಲು ಹಾಕಿದರು, ನಾನು ತೆರೆದು ನೋಡಿದೆ.

ಇದೇನು ಹೊಸ ವಿದ್ಯೆಯಲ್ಲ. ಈಶ್ವರಚಂದ್ರ ವಿದ್ಯಾಸಾಗರರು ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲರು. ವೇದಾಂತ, ಸಾಂಖ್ಯ ಎರಡೂ ತಪ್ಪು ದರ್ಶನಗಳು ಅಂತ 1853ರಲ್ಲೇ ಸರ್ಕಾರದ ಶಿಕ್ಷಣ ಮಂಡಳಿಗೆ ಬರೆದುಕೊಟ್ಟವರು. ಅಂಥವರು ವಿಧವೆಯರ ಮರುಮದುವೆಗಾಗಿ ಹುಡುಕಿಕೊಂಡು ಹೋದದ್ದು ಪರಾಶರ ಸ್ಮೃತಿಯ ಒಂದು ಶ್ಲೋಕವನ್ನು. ಕರುಣೆಯ ಮಾತಾಡಿದರೆ ಕೇಳದವರು ಪರಾಶರನ ಮಾತಾದರೆ ಕೇಳಬಹುದು ಅನ್ನೋ ಲೆಕ್ಕ. 1856ರಲ್ಲಿ ಕಾನೂನು ಬಂತು.

ಅಂಬೇಡ್ಕರ್ ಅವರ ದಾರಿ ಇನ್ನೂ ಖಡಕ್ಕು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಹಾಗಂತ ಓದೋದನ್ನು ಬಿಟ್ಟರಾ? 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲಕ್ಕಾಗಿ ಸಿದ್ಧ ಮಾಡಿದ ಭಾಷಣದಲ್ಲಿ ಅದೇ ಮನುವನ್ನು ಶ್ಲೋಕಸಮೇತ ಎದುರಿಗಿಟ್ಟರು. ಕರೆದವರೇ ಹೆದರಿ ಸಮ್ಮೇಳನ ರದ್ದು ಮಾಡಿದರು. ಅಂಬೇಡ್ಕರ್ ತಾವೇ ಅಚ್ಚು ಹಾಕಿಸಿದರು. ‘ಜಾತಿ ವಿನಾಶ’ ಅಂತ ನಾವು ಓದೋ ಪುಸ್ತಕ ಅದೇ.

ಅದಕ್ಕೆ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಕೊಟ್ಟ ಉತ್ತರವನ್ನು ಇವತ್ತಿಗೂ ಎಲ್ಲರೂ ಎರವಲು ತಗೊಳ್ತಾರೆ, ಯಾರದು ಅಂತ ಗೊತ್ತಿಲ್ಲದೆ. ಈ ಶ್ಲೋಕಗಳೆಲ್ಲ ಅಧಿಕೃತವಲ್ಲ, ಒಂದು ಧರ್ಮವನ್ನು ಅದರ ಕೆಟ್ಟ ಮಾದರಿಗಳಿಂದ ಅಳೆಯಬಾರದು, ಒಳ್ಳೆಯವುಗಳಿಂದ ಅಳೆಯಬೇಕು, ಇದು ಅವರ ವಾದದ ಸಾರ. ಕೇಳೋಕೆ ಚೆನ್ನಾಗಿದೆ. ಅಂಬೇಡ್ಕರ್ ಮರುಮಾತು ಏನೆಂದರೆ, ಯಾವುದು ಮೂಲ, ಯಾವುದು ಆಮೇಲೆ ಸೇರಿಸಿದ್ದು ಅನ್ನೋದು ಪಂಡಿತರ ಚರ್ಚೆ. ಸಾಮಾನ್ಯ ಜನ ಶಾಸ್ತ್ರ ಓದಿರೋದಿಲ್ಲ, ಶಾಸ್ತ್ರದಲ್ಲಿದೆ ಅಂತ ಯಾರೋ ಹೇಳಿದ್ದನ್ನು ನಂಬಿ ನಡೀತಾರೆ. ನಮ್ಮ ನಡುಮನೆಯಲ್ಲಿ ನಡೆದದ್ದು ಅಕ್ಷರಶಃ ಇದೇ. ಅಲ್ಲಿದ್ದ ಇಪ್ಪತ್ತು ಮಂದಿಯಲ್ಲಿ ಒಬ್ಬರೂ ಆ ಪುಸ್ತಕ ಬಿಡಿಸಿ ನೋಡಿದವರಲ್ಲ.

ನನಗೆ ಸಿಟ್ಟು ಬರೋದು ಅದಕ್ಕೂ ಅಲ್ಲ. ನಿಯಮ ಹೇಳುವಾಗ ಶಾಸ್ತ್ರ ಸನಾತನ. ನಾನು ಅದೇ ಶಾಸ್ತ್ರ ತೆರೆದ ತಕ್ಷಣ ಅದು ಯಾವುದೋ ಕಾಲದ ಪುಸ್ತಕ, ಪ್ರಕ್ಷೇಪ, ತಪ್ಪು ಅನುವಾದ, ‘ನಿಂಗೆ ಸಂಸ್ಕೃತ ಬರುತ್ತಾ?’ ಇಷ್ಟೂ ಅರ್ಧ ಗಂಟೆಯೊಳಗೆ. ಕೊನೆಗೆ ‘ಶಾಸ್ತ್ರ ಬಿಡು, ನಮ್ಮ ಮನೆತನದ ಸಂಪ್ರದಾಯ’ ಅಂದುಬಿಟ್ಟರು. ಹಾಗಾದರೆ ಮೊದಲೇ ಹಾಗೆ ಹೇಳಬೇಕಿತ್ತಲ್ವಾ? ಮಹಿಳಾ ದಿನದಂದು ಫ್ಯಾಮಿಲಿ ಗ್ರೂಪಿಗೆ ಬರೋ, ಸ್ತ್ರೀಯರಿಗೆ ಪೂಜೆ ಸಲ್ಲುವಲ್ಲಿ ದೇವತೆಗಳಿಗೆ ಸಂತೋಷ ಅನ್ನೋ ಅರ್ಥದ ಶ್ಲೋಕವೂ ಮನುವಿನದೇ. ಅದು ಬಂದಾಗ ಪ್ರಕ್ಷೇಪ ಅಂತ ಯಾರೂ ಅನ್ನಲ್ಲ, ಕೈ ಮುಗಿಯೋ ಇಮೋಜಿ ಹಾಕ್ತಾರೆ.

ನಂಬದವರು ಶಾಸ್ತ್ರ ಓದಲೇಬೇಕಾದ ಸ್ಥಿತಿಯನ್ನು ನಮ್ಮ ನ್ಯಾಯಾಲಯಗಳೂ ತಂದಿಟ್ಟಿವೆ. ಉಡುಪಿಯ ಶಿರೂರು ಮಠದ 1954ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಅನ್ನೋದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಅಂದಿತು. 2017ರ ತ್ರಿವಳಿ ತಲಾಖ್ ಪ್ರಕರಣದಲ್ಲಿ ಕ್ರೈಸ್ತರಾದ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಕುರಾನ್ ನೋಡಿ, ಈ ಪದ್ಧತಿ ಅದಕ್ಕೇ ವಿರುದ್ಧ ಅಂತ ಬರೆದರು. ಅವರಿಗೆ ಯಾರಾದರೂ ‘ನಿಮಗ್ಯಾಕೆ ಕುರಾನ್?’ ಅಂದರೆ ಏನರ್ಥ?

ನನ್ನ ಪಕ್ಷದವರ ತಪ್ಪೂ ಇದೆ. ಸಂಜೆ ತುಳಸಿ ಕಟ್ಟೆಗೆ ದೀಪ ಇಡೋ ಅಜ್ಜಿಯ ಮುಂದೆ ಹೋಗಿ ಮನು ಹೀಗಂದಿದ್ದಾನೆ ಅನ್ನೋದು ಶುದ್ಧ ದಡ್ಡತನ. ಆಕೆ ಯಾರ ಮೇಲೂ ಶ್ಲೋಕ ಎಸೆದಿಲ್ಲ. ನಾನೂ ಸಾಚಾ ಅಲ್ಲ ಬಿಡಿ. ನಾನು ಹೇಳಿದ ಶ್ಲೋಕ ಗಂಡುಮಕ್ಕಳಿಲ್ಲದವನ ಆಸ್ತಿಯ ಬಗ್ಗೆ, ಚಿತೆಯ ಬಗ್ಗೆ ಅಲ್ಲ. ಅದೇ ಅಧ್ಯಾಯದ ಆರಂಭದಲ್ಲೇ ಹೆಣ್ಣು ಸ್ವಾತಂತ್ರ್ಯಕ್ಕೆ ಅರ್ಹಳಲ್ಲ ಅಂತಲೂ ಇದೆ. ಅದನ್ನು ನುಂಗಿಕೊಂಡು ನನಗೆ ಬೇಕಾದ್ದನ್ನಷ್ಟೇ ಹೇಳಿದೆ. ಮನು ಒಪ್ಪಿದ ಅಂತ ನನ್ನ ಹಕ್ಕು ಹುಟ್ಟೋದಿಲ್ಲ, ಒಪ್ಪದಿದ್ದರೆ ಸಾಯೋದೂ ಇಲ್ಲ. ಅಷ್ಟು ಸ್ಪಷ್ಟವಾಗಿ ಆವತ್ತೇ ಹೇಳಿದ್ದರೆ ಚೆನ್ನಾಗಿತ್ತು. ಆದರೆ ಅಪ್ಪ ಎದುರಿಗೆ ಮಲಗಿದ್ದಾಗ ಕೈಗೆ ಸಿಕ್ಕಿದ್ದನ್ನು ಹಿಡ್ಕೊಂಡೆ.

ಬೆಂಕಿ ಕೊಟ್ಟದ್ದು ದೊಡ್ಡಪ್ಪನ ಮಗ. ನಾನು, ಅಮ್ಮ ಗೇಟಿನ ತನಕ ಹೋಗಿ ನಿಂತೆವು. ಅಪ್ಪನಿಗೆ ಕಾಯಿಲೆಯಾದಾಗಿನಿಂದ ಅಣ್ಣ ಒಂದು ಸಲವೂ ಬಂದವನಲ್ಲ. ಪಾಪ, ಅವನಿಗೂ ಮುಜುಗರ ಆಗಿತ್ತು.

ಮುಂದಿನ ತಿಂಗಳು ವರ್ಷಾಬ್ದಿಕ. ದೊಡ್ಡಪ್ಪ ಫೋನ್ ಮಾಡಿದ್ದರು. ಕರ್ಮ ಮಾಡೋದು ಅಣ್ಣನೇ, ಖರ್ಚು ಮಾತ್ರ ಮಗಳಾದ ನಾನು ಕೊಡಬೇಕಂತೆ. ಅದು ಯಾವ ಶಾಸ್ತ್ರದಲ್ಲಿದೆ ದೊಡ್ಡಪ್ಪ ಅಂತ ಕೇಳಿದೆ. ನೋಡಿ ಹೇಳ್ತೀನಿ ಅಂದರು.